ಹಾರೂನ್ ಕಾಕಾ ಹೊರಗೆ ಕೂತ ದಿನ

ಸತ್ತ ಇಲಿ ಎತ್ತಿ ಹಾಕಲೂ ಫ್ಲಾಟ್‌ಮೇಟನನ್ನು ಕರೆಯುವವನು ನಾನು. ಮಾಸ್ಟರ್ಸ್ ಪದವಿ ಜೇಬಿನಲ್ಲಿಟ್ಟುಕೊಂಡು ಪರದೇಶಕ್ಕೆ ಬಂದು, ಪೆನ್‌ರೋಸಿನ ಗೋದಾಮಿನಲ್ಲಿ ಫೋರ್ಕ್‌ಲಿಫ್ಟ್ ಓಡಿಸುತ್ತೇನೆ. ಅಂಥವನನ್ನು ಹಿಡಿದು, ನಮ್ಮ ಮಸೀದಿಯ ಗಂಡಸರು ತೀರಿಕೊಂಡಾಗ ಕೊನೆಯ ಸ್ನಾನ ಮಾಡಿಸುವ ಕೆಲಸಕ್ಕೆ ಮುಂದಾಳಾಗು ಎಂದರು ಹಾರೂನ್ ಕಾಕಾ.

"ನನಗ ಹೆದರಿಕಿ ಕಾಕಾ."

"ಅದಕ್ಕ ನೀನಽ ಬೇಕು. ಹೆದರಾಂವ ಹಗೂರ ಮುಟ್ತಾನ."

ಕಾಕಾ ಗದಗಿನ ನದಾಫರ ಮನೆಯವರು. ಅವರಪ್ಪ ಹತ್ತಿ ಬಡಿದು ಗಾದಿ ಹೊಲಿಯುತ್ತಿದ್ದರು. ಇವರು ಈಸ್ಟ್ ತಮಾಕಿಯ ಸ್ಪ್ರಿಂಗ್ ಹಾಸಿಗೆ ಕಾರ್ಖಾನೆಯೊಂದರಲ್ಲಿ ಶಿಫ್ಟ್ ನೋಡಿಕೊಳ್ಳುತ್ತಿದ್ದರು. 2015ರಲ್ಲಿ ನಿವೃತ್ತರಾದರು. ಮರು ಸೋಮವಾರವೂ ಬುತ್ತಿ ಕಟ್ಟಿಕೊಂಡು ಬಾಗಿಲವರೆಗೆ ಹೋಗಿದ್ದರಂತೆ. "ಎಲ್ಲಿಗ್ ಹೊಂಟೀರಿ?" ಎಂದು ಹೆಂಡತಿ ಸಯೀದಾ ಕೇಳಿದ ಮೇಲೆ ಹಿತ್ತಲಲ್ಲಿ ಕೂತು ಅದನ್ನು ತಿಂದರು.

ಅಲ್ಲಿಂದ ಅವರಿಗೆ ಉಳಿದದ್ದು ಮಸೀದಿಯ ಹಿಂದಿನ ಸ್ನಾನದ ಕೋಣೆಯೊಂದೇ. ಬಲಗೈ ನಡುಗತೊಡಗಿತ್ತು, ಅದಕ್ಕೇ ನನ್ನನ್ನು ತಯಾರು ಮಾಡುತ್ತಿದ್ದರು. ಬಲಮಗ್ಗುಲು ಮೊದಲು, ನೀರು ಉಗುರುಬೆಚ್ಚಗಿರಬೇಕು, ಹೊದಿಸಿದ ಬಟ್ಟೆ ಸರಿಯಬಾರದು, ನೀರು ಮೂರು ಸಲ, ನೋಡಿ ಬೇಕೆನಿಸಿದರೆ ಐದು ಸಲ, ಲೆಕ್ಕ ಮಾತ್ರ ಬೆಸವಾಗಿರಬೇಕು. ಎಲ್ಲ ಕಲಿಸಿದರು, ಚೊಂಬು ಮಾತ್ರ ಕೊಡಲಿಲ್ಲ. ಕೈ ಚಾಚಿದಾಗಲೆಲ್ಲ, "ತಡಿಯಲೇ ತಮ್ಮಾ, ನಿನ್ನ ಕೈ ಇನ್ನೂ ಫೋರ್ಕ್‌ಲಿಫ್ಟ್‌ನ್ಯಾಗ ಐತಿ" ಎನ್ನುತ್ತಿದ್ದರು. ನಿಜ ಹೇಳಬೇಕೆಂದರೆ ನನಗೂ ಹಾಯೆನಿಸುತ್ತಿತ್ತು.

ಮುಂದಿನ ಚಳಿಗಾಲ, ಅದೇ ಕಾರ್ಖಾನೆಯಲ್ಲಿ ಕಾಕಾರ ಜೊತೆ ದುಡಿದಿದ್ದ ಸಲೀಮ್ ಅಂಕಲ್ ತೀರಿಕೊಂಡರು. ಕೋಣೆಯಲ್ಲಿ ನಾವಿಬ್ಬರು ಮತ್ತು ಸಲೀಮರ ಮಗ. ತಲೆಗೆ ನೀರು ಹಾಕುವಾಗ ಕಾಕಾರ ಕೈಯಿಂದ ಸ್ಟೀಲಿನ ಚೊಂಬು ಜಾರಿ ಗೆಳೆಯನ ಎದೆಯ ಮೇಲೆ ಬಿತ್ತು. ಆ ಸದ್ದು ಯಾರಿಗೂ ಬೇಡ.

"ಮಾಫ್ ಮಾಡೋ ಸಲೀಮಾ, ನೋವಾತೇನೋ?" ಕಾಕಾ ಆ ಎದೆಯನ್ನು ಸವರಿದರು.

"ಇಟ್ಸ್ ಓಕೆ, ಅಂಕಲ್," ಎಂದ ಮಗ. ಇಲ್ಲಿಯೇ ಹುಟ್ಟಿದವನು, ಕನ್ನಡ ತಿಳಿಯುತ್ತದೆ, ಆಡುವುದಿಲ್ಲ.

ಕಾಕಾ ಚೊಂಬು ತೊಳೆದು ನನ್ನ ಕೈಗಿಟ್ಟರು. ಕೈಗವಸು ಕಳಚಿದರು. "ನಾ ಹೊರಗ ಕುಂದರ್ತೀನಿ."

ಬಿಸ್ಮಿಲ್ಲಾ ಎಂದು ಶುರುಮಾಡಿದೆ. ಮೂರು ಸಲ ನೀರು ಹಾಕಿದ್ದಾಯಿತು. ಆಸ್ಪತ್ರೆಯವರು ಸೂಜಿ ಚುಚ್ಚಿದ್ದ ಜಾಗ ಇನ್ನೂ ಒಸರುತ್ತಿತ್ತು. ಮೂರಕ್ಕೇ ನಿಲ್ಲಿಸಬೇಕೋ, ಐದು ಮಾಡಬೇಕೋ? ಮಗ ನನ್ನ ಮುಖವನ್ನೇ ನೋಡುತ್ತಿದ್ದ. ನಾನು ಬಾಗಿಲು ತುಸು ತೆರೆದೆ.

ಕಾಕಾ ನಡುಗುವ ಕೈಯನ್ನು ತೊಡೆಯಡಿ ಒತ್ತಿಟ್ಟುಕೊಂಡು ಬೆಂಚಿನ ಮೇಲೆ ಕೂತಿದ್ದರು. ಕಣ್ಣು ಒದ್ದೆ.

"ಕಾಕಾ, ಮೂರ್ ಸಲ ಆತ್ರಿ. ಸಾಕೇನು, ಐದು ಮಾಡ್ಲೇನು?"

ಏಳಲು ಹೊರಟವರು ಬೆಂಚಿನ ಅಂಚು ಹಿಡಿದು ಮತ್ತೆ ಕೂತರು. "ಒಳಗ ನಿಂತು ನೋಡಾಕತ್ತಾಂವ ನೀನೋ, ನಾನೋ?"

"ನಾನ್ರೀ."

"ಮತ್ತ ನನ್ನ ಏನ್ ಕೇಳ್ತಿ? ಬಾಗಲಾ ಹಾಕ್ಕೋ. ಸಲೀಮಗ ಥಂಡಿ ಹತ್ತೀತು."

ಹಾಕಿಕೊಂಡೆ. "ಐದು," ಎಂದೆ ಮಗನಿಗೆ. ಅವನು ತಂದೆಯ ಮಗ್ಗುಲು ಹಿಡಿದುಕೊಂಡ. ನಾನು ಬಲಗಡೆಯಿಂದ ನೀರು ಸುರಿದೆ.