ಸಪ್ಪಳವಿಲ್ಲದ ಗಾಡಿ

ಕಾರು ಕೊಂಡದ್ದು ಹೆಣ್ಣು ಸಿಗಲೆಂದು. ಈ ಮಾತನ್ನು ಇದುವರೆಗೆ ಒಬ್ಬರ ಮುಂದೆ ಬಿಟ್ಟರೆ ಯಾರ ಮುಂದೆಯೂ ಹೇಳಿಲ್ಲ, ಇಲ್ಲಿ ಹೇಳಿಬಿಡುತ್ತೇನೆ. ಆಗ ನನಗೆ ಮೂವತ್ತಾರು. ನಮ್ಮೂರು ದೊಡವಾಡದ ಸುತ್ತ ಎಷ್ಟೋ ಮನೆಗಳ ಜಾತಕ ಹೊಂದಿಸಿಕೊಟ್ಟ ನಮ್ಮಪ್ಪನಿಗೆ ಮಗನ ಜಾತಕಕ್ಕೆ ಮಾತ್ರ ಜೋಡಿ ಹುಡುಕಲಾಗಲಿಲ್ಲ. ಸಂಬಂಧ ಕುದುರಿಸುವ ಹಿರಿಯರೊಬ್ಬರು ಬಂದು, ಡ್ರಾಯಿಂಗ್ ಮಾಸ್ತರ ಎಂದರೆ ಯಾರೂ ಕಣ್ಣೆತ್ತಿ ನೋಡುವುದಿಲ್ಲ, ಬಾಗಿಲ ಮುಂದೆ ಒಂದು ಕಾರು ನಿಂತಿದ್ದರೆ ಮಾತೇ ಬೇರೆ ಎಂದರು. ಹಾಗೆ ಸೆಕೆಂಡ್ ಹ್ಯಾಂಡ್ ಸಣ್ಣ ಕಾರೊಂದು ಬಂತು. ಹೆಣ್ಣು ಬರಲಿಲ್ಲ. ಅಪ್ಪ, ಅವ್ವ ಒಬ್ಬರ ಹಿಂದೊಬ್ಬರು ಹೋದರು. ಕಾರು ಉಳಿಯಿತು.

ಐದು ವರ್ಷದ ಹಿಂದೆ ಸಂಸ್ಥೆಯವರು ನನ್ನನ್ನು ಬೈಲಹೊಂಗಲದ ಶಾಲೆಯಿಂದ ಸವದತ್ತಿಯ ಶಾಲೆಗೆ ಹಾಕಿದರು. ಮನೆ ಬದಲಿಸು ಎಂದು ಎಲ್ಲರೂ ಹೇಳಿದರು. ಒಬ್ಬನೇ ಇರುವವನಿಗೆ ಯಾವ ಊರಾದರೇನು ಎಂಬುದು ಅವರ ತರ್ಕ. ಒಬ್ಬನೇ ಇರುವವನಿಗೆ ಗುರುತಿನ ಹಾಲಿನವನು, ಗುರುತಿನ ಗೋಡೆ, ಇಂಥ ಹೊತ್ತಿಗೆ ಬರುತ್ತದೆಂದು ಗೊತ್ತಿರುವ ನಲ್ಲಿಯ ನೀರು ಎಷ್ಟು ದೊಡ್ಡವು ಎಂಬುದು ನನ್ನದು. ಬೈಲಹೊಂಗಲದ ಎರಡು ಕೋಣೆಯ ಬಾಡಿಗೆ ಮನೆಯಲ್ಲೇ ಉಳಿದೆ. ದಿನಾ ಹೋಗಿ ಬರುವುದು ಕಾರಿನಲ್ಲಿ.

ಶಾಲೆಯಲ್ಲಿ ಮಾತಿಗೆ ಬರವಿಲ್ಲ. ಆದರೆ ಅವೆಲ್ಲ ಗೆರೆ ನೆಟ್ಟಗೆ ಎಳೆ, ರಬ್ಬರ್ ತಿನ್ನಬೇಡ ಎಂಬ ಜಾತಿಯ ಮಾತುಗಳು. ಸಂಜೆ ಕಾರಿನ ಬಾಗಿಲು ಹಾಕಿಕೊಂಡೆನೆಂದರೆ ಮರುದಿನದ ಪ್ರಾರ್ಥನೆಯವರೆಗೆ ನನ್ನ ಬಾಯಿಗೆ ಊಟ ಬಿಟ್ಟರೆ ಬೇರೆ ಕೆಲಸವಿರಲಿಲ್ಲ. ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟರೆ ಸೋಮವಾರದವರೆಗೆ ಅದೂ ಇಲ್ಲ. ಒಂಟಿತನವೆಂದರೇನು ಎಂದು ಯಾರಾದರೂ ಕೇಳಿದರೆ ನಾನು ಶನಿವಾರದ ಮಧ್ಯಾಹ್ನ ಎಂದು ಹೇಳುತ್ತೇನೆ.

ಆ ಶನಿವಾರಗಳಿಗೆ ಹೆದರಿಯೇ ಕಾರನ್ನು ತಿದ್ದುವ ಹುಚ್ಚು ಹತ್ತಿಸಿಕೊಂಡೆ. ನನ್ನ ಪಗಾರಕ್ಕೆ ಹೊಸ ಕಾರಿನ ಕನಸು ಬೀಳುವಂತಿರಲಿಲ್ಲ. ಹೀಗಾಗಿ ತಿಂಗಳಿಗೆ ಒಂದೇ ಕೆಲಸ, ಅದೂ ಭಾನುವಾರ ಮುಗಿಯಬೇಕು, ಸೋಮವಾರ ಬೆಳಗ್ಗೆ ಗಾಡಿ ರಸ್ತೆಯ ಮೇಲಿರಬೇಕು ಎಂದು ನಿಯಮ ಮಾಡಿಕೊಂಡೆ. ಕಿತ್ತೂರಿನ ಹತ್ತಿರ ಹೈವೇ ಬದಿಯ ಗುಜರಿ ಅಂಗಡಿಯಲ್ಲಿ, ಅಪಘಾತಕ್ಕೆ ಸಿಕ್ಕ ದೊಡ್ಡ ಕಾರೊಂದರ ಮುಂದಿನ ಸೀಟುಗಳೆರಡು ಸಿಕ್ಕವು. ಅವುಗಳ ಕಾಲು ನನ್ನ ಕಾರಿನ ತಳಕ್ಕೆ ಕೂಡಲಿಲ್ಲ. ಬೈಲಹೊಂಗಲದ ಗ್ಯಾರೇಜಿನ ಮಿಸ್ತ್ರಿ ಕಬ್ಬಿಣದ ಪಟ್ಟಿ ಕಡಿದು, ವೆಲ್ಡಿಂಗ್ ಮಾಡಿ ಕೂಡಿಸಿದರು. ರಸ್ತೆಯ ಉಬ್ಬುಗಳಿಗೆಲ್ಲ ಗಾಡಿಯ ಹೊಟ್ಟೆ ತಾಗುತ್ತಿತ್ತೆಂದು ಸ್ಪ್ರಿಂಗಿಗೆ ದಪ್ಪ ರಬ್ಬರ್ ಕೊಟ್ಟು ಎರಡು ಬೆರಳು ಎತ್ತರಿಸಿದೆವು. ಡ್ಯಾಶ್‌ಬೋರ್ಡಿಗೆ ನಾನೇ ಬಣ್ಣ ಬಳಿದೆ, ಡ್ರಾಯಿಂಗ್ ಮಾಸ್ತರನಿಗೆ ಅಷ್ಟಾದರೂ ಬರಬೇಕಲ್ಲ. ಒಂದು ಸಲ ಮಿಸ್ತ್ರಿ ಕೈ ಒರೆಸಿಕೊಳ್ಳುತ್ತ, "ಮೂರು ಕಾಸಿನ ಕುದುರಿಗೆ ಆರು ಕಾಸಿನ ಲಗಾಮು ಆತಲ್ಲರಿ ಸರ" ಎಂದರು. ನಾನು ಅವರ ಜೊತೆ ಎರಡು ವಾರ ಮಾತು ಬಿಟ್ಟೆ. ಅವರಿಗೆ ಅದು ಗೊತ್ತೂ ಆಗಲಿಲ್ಲ.

ಮುದುಕಿ ನನ್ನ ಗಾಡಿ ಹತ್ತಿದ್ದು ಎರಡು ವರ್ಷದ ಹಿಂದೆ, ಮಾರ್ಚಿನಲ್ಲಿ. ಸವದತ್ತಿಗೆ ಇನ್ನೂ ಅರ್ಧ ತಾಸಿನ ದಾರಿಯಿರುವಾಗ ಒಂದು ಹಳ್ಳಿಯ ಕ್ರಾಸು ಬರುತ್ತದೆ. ಅದರ ಈಚೆಗೆ ಹಳ್ಳದ ಸೇತುವೆ, ಆಚೆಗೆ ಬೇವಿನ ಮರ, ಮರದ ಹಿಂದೆ ದೊಡ್ಡ ಬಣವೆ, ಬಣವೆಯ ಹಿಂದೆ ನಾಲ್ಕೈದು ಮನೆ. ಆ ದಿನ ಸರಿಯಾಗಿ ಬೇವಿನ ಮರದ ಕೆಳಗೆ ರೇಡಿಯೇಟರ್ ಕುದಿದು ಗಾಡಿ ನಿಂತಿತು. ಯಾರೂ ಇಲ್ಲವೆಂದುಕೊಂಡು ಗಾಡಿಗೆ ಬಾಯಿಗೆ ಬಂದಂತೆ ಬೈದೆ. ಆಮೇಲೆ ರಮಿಸಿದೆ. ಸ್ವಲ್ಪ ಹೊತ್ತಿಗೆ ಬಣವೆಯ ಕಡೆಯಿಂದ ತಲೆಯ ಮೇಲೆ ಸೆರಗು ಹೊದ್ದ ಮುದುಕಿಯೊಬ್ಬಳು ಒಂದು ಕೊಡ ನೀರು ತಂದು ಇಟ್ಟಳು. ಎಲ್ಲಿಗೆ ಹೊರಟಿದ್ದೀರಿ ಎಂದು ಕೇಳಿದಳು. ಸವದತ್ತಿಗೆ ಎಂದೆ. ತಾನೂ ಅಲ್ಲಿಗೇ ಎಂದಳು. ಹತ್ತಿಸಿಕೊಂಡೆ.

ಮರುದಿನ ನಾನು ಬರುವ ಹೊತ್ತಿಗೆ ಬೇವಿನ ಕೆಳಗೆ ನಿಂತಿದ್ದಳು. ಅದರ ಮರುದಿನವೂ ನಿಂತಿದ್ದಳು. ಸವದತ್ತಿಯ ಒಂದು ಖಾನಾವಳಿಯಲ್ಲಿ ರೊಟ್ಟಿ ಬಡಿಯುವ ಕೆಲಸ ಆಕೆಯದು. ಎರಡೂ ಕಣ್ಣಲ್ಲಿ ಪೊರೆ ಬಂದು, ಎದುರಿಗಿರುವವರು ನೆರಳಿನ ಹಾಗೆ ಮಾತ್ರ ಕಾಣುತ್ತಿದ್ದರು. ಮೈಯಲ್ಲಿ ಸಕ್ಕರೆ ಇಳಿಯಲಿ, ಆಮೇಲೆ ಆಪರೇಷನ್ ಎಂದು ಡಾಕ್ಟರು ಮುಂದೆ ಹಾಕುತ್ತಿದ್ದರಂತೆ. ಕಾಣದೆ ರೊಟ್ಟಿ ಹೇಗೆ ಬಡಿಯುತ್ತೀರಿ ಎಂದು ಕೇಳಿದ್ದಕ್ಕೆ ನಕ್ಕಳು. ರೊಟ್ಟಿ ತೆಳ್ಳಗಾದಂತೆ ಸಪ್ಪಳ ಬದಲಾಗುತ್ತದಂತೆ, ಕಿವಿಯಿದ್ದರೆ ಸಾಕಂತೆ.

ನನ್ನ ಗಾಡಿಯನ್ನೂ ಆಕೆ ಕಿವಿಯಿಂದಲೇ ಹಿಡಿಯುತ್ತಿದ್ದಳು. ಸೈಲೆನ್ಸರ್ ತೂತು ಬಿದ್ದು ಬಹಳ ಕಾಲವಾಗಿತ್ತು. ಗಾಡಿ ಸೇತುವೆ ಹತ್ತಿದಾಗ ಬಣವೆಯ ಹಿಂದಿನ ಕಟ್ಟೆಯ ಮೇಲೆ ಕೂತವಳಿಗೆ ಡಬಡಬ ಕೇಳಿಸಿ, ಎದ್ದು, ಕೋಲು ಊರಿಕೊಂಡು ಮರದ ಕೆಳಗೆ ಬರುವುದಕ್ಕೂ ನಾನು ಬಂದು ನಿಲ್ಲುವುದಕ್ಕೂ ಸರಿಹೋಗುತ್ತಿತ್ತು. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ ತಲೆಗೆ ಹೋಗಿರಲಿಲ್ಲ.

ಸಂಜೆ ಆಕೆ ನನಗಿಂತ ಮುಂಚೆ ಬಸ್ಸಿಗೆ ಹೋಗಿಬಿಡುತ್ತಿದ್ದಳು. ಬೆಳಗಿನ ಆ ಅರ್ಧ ತಾಸೇ ನನ್ನ ದಿನದ ಮಾತಿನ ಪಾಲು. ಸೊಸೆಯ ಸಿಟ್ಟು, ಎಮ್ಮೆಯ ಹಟ, ಖಾನಾವಳಿಗೆ ಬಂದವರಲ್ಲಿ ಯಾರು ಎಷ್ಟು ರೊಟ್ಟಿ ತಿಂದರು, ಎಲ್ಲ ಹೇಳುತ್ತಿದ್ದಳು. ನಾನು ಹೂಂ ಎನ್ನುತ್ತಿದ್ದೆ. ಒಬ್ಬ ಬಡ ಮುದುಕಿಗೆ ದಿನಾ ಉಪಕಾರ ಮಾಡುತ್ತಿದ್ದೇನೆಂಬ ಒಂದು ದೊಡ್ಡಸ್ತಿಕೆಯೂ ನನಗಿತ್ತು, ಸುಳ್ಳು ಯಾಕೆ ಹೇಳಲಿ. ಅಲ್ಲಿಂದ ಮುಂದೆ ನಾನು ಗಾಡಿಗೆ ಮಾಡಿಸಿದ್ದೆಲ್ಲ ಆಕೆಗಾಗಿಯೇ. ಹತ್ತುವಾಗ ಹಿಡಿಯಲು ಹಳೆಯ ಬಸ್ಸಿನ ಸೀಟಿನ ಹಿಡಿಕೆಯೊಂದನ್ನು ರಾಮದುರ್ಗದ ಗುಜರಿಯಿಂದ ತಂದು ಕೂಡಿಸಿದೆ. ಆಕೆಯ ಕಡೆಯ ಸೀಟನ್ನು ಇನ್ನಷ್ಟು ಮೇಲೆತ್ತಿಸಿದೆ.

ಒಂದೇ ಕೊರತೆ ಉಳಿದಿತ್ತು. ಆಕೆಯ ದನಿ ಸಣ್ಣದು, ಗಾಡಿಯದು ದೊಡ್ಡದು. ಹೇಳಿದ್ದರಲ್ಲಿ ಅರ್ಧ ಕೇಳಿಸುತ್ತಿರಲಿಲ್ಲ. ಈ ಸಲದ ದಸರಾ ರಜೆ ಬಂದಾಗ, ಇನ್ನು ಒಂದು ಮಾತೂ ತಪ್ಪಬಾರದೆಂದು ನಿಯಮ ಮುರಿದೆ. ಮೂರು ತಿಂಗಳ ಕೆಲಸ ಒಂದೇ ಸಲ ಹಿಡಿಸಿದೆ. ಸೈಲೆನ್ಸರ್ ಬದಲಾಯಿತು. ಟ್ರ್ಯಾಕ್ಟರಿನ ಹಳೆಯ ಟ್ಯೂಬು ಕತ್ತರಿಸಿ ತಳಕ್ಕೆಲ್ಲ ಅಂಟಿಸಿ, ಅದರ ಮೇಲೆ ಅವ್ವ ಹೊಲಿದಿದ್ದ ಹರಕು ಕೌದಿಯನ್ನು ಮಡಚಿ ಹಾಸಿ, ಮೇಲೆ ಮ್ಯಾಟು ಹಾಕಿದೆ. ಬಾಗಿಲಿಗೆ ಹೊಸ ರಬ್ಬರ್ ಪಟ್ಟಿ. ಕರ್ಕಶವೆನಿಸಿ ಹಾರ್ನನ್ನೂ ಬದಲಿಸಿದೆ. ಮಿಸ್ತ್ರಿ ಚಾಲೂ ಮಾಡಿ, ಕಿವಿಗೊಟ್ಟು, ಚಾಲೂ ಆಗಿದೆಯೋ ಇಲ್ಲವೋ ಎಂದು ಬಾನೆಟ್ಟಿನ ಮೇಲೆ ಕೈಯಿಟ್ಟು ನೋಡಿದರು. ನನಗೆ ಅಷ್ಟು ಖುಷಿ ಎಷ್ಟೋ ವರ್ಷದಿಂದ ಆಗಿರಲಿಲ್ಲ.

ರಜೆ ಮುಗಿದ ಸೋಮವಾರ ಬೇವಿನ ಕೆಳಗೆ ಯಾರೂ ಇರಲಿಲ್ಲ.

ಎರಡು ನಿಮಿಷ ನಿಂತು ಹೋದೆ. ಮಂಗಳವಾರವೂ ಇರಲಿಲ್ಲ. ಬುಧವಾರ ಹೊಸ ಹಾರ್ನನ್ನು ಒಮ್ಮೆ ಒತ್ತಿದೆ. ಹಳ್ಳಿಯ ಬಾಗಿಲಲ್ಲಿ ಹಾರ್ನ್ ಹೊಡೆಯುವುದು ನನಗೆ ಸೇರದ ಕೆಲಸ, ಆದರೂ ಒತ್ತಿದೆ. ಬಣವೆಯ ಆಚೆ ನಾಯಿ ಬೊಗಳಿತು, ಅಷ್ಟೇ. ಇಳಿದು ನಾಲ್ಕು ಹೆಜ್ಜೆ ಹೋಗಿ ಕೇಳಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಕರೆಯದೆ ಒಬ್ಬರ ಬಾಗಿಲಿಗೆ ಹೋಗುವುದು ನನ್ನಿಂದಾಗದು. ನಾನಾಗಿ ಯಾರನ್ನೂ ಕರೆದವನೂ ಅಲ್ಲ. ಹೆಣ್ಣು ನೋಡಲು ಹೋದಲ್ಲೆಲ್ಲ ಅಷ್ಟು ಸಲ ಬೇಡವೆನಿಸಿಕೊಂಡವನಿಗೆ ಈ ಬಿಗುಮಾನವೊಂದೇ ಉಳಿದ ಆಸ್ತಿ.

ತಲೆ ತನ್ನ ಕೆಲಸ ಶುರುಮಾಡಿತು. ಬಸ್ಸು ಹೆಂಗಸರಿಗೆ ಬಿಟ್ಟಿಯಾಗಿದೆ, ಇನ್ನು ನನ್ನ ಗಾಡಿ ಯಾಕೆ ಬೇಕು ಎಂದುಕೊಂಡೆ. ಒಂಟಿ ಗಂಡಸಿನ ಗಾಡಿ ಹತ್ತುತ್ತಾಳೆಂದು ಸೊಸೆ ಏನೋ ಅಂದಿರಬೇಕು ಎಂದುಕೊಂಡೆ. ಕೊನೆಗೆ ಆಕೆಯ ಮೇಲೆಯೇ ಸಿಟ್ಟು ಬಂತು. ಹೇಳದೆ ಕೇಳದೆ ಬಿಟ್ಟಳಲ್ಲ, ನಾನೇನು ಹಿಡಿದಿಟ್ಟುಕೊಂಡಿದ್ದೆನೇ? ಎರಡನೆಯ ವಾರದಿಂದ ಕ್ರಾಸಿನಲ್ಲಿ ನಿಲ್ಲುವುದನ್ನೂ ಬಿಟ್ಟೆ. ಗಾಜು ಏರಿಸಿಕೊಂಡು ಮುಂದೆ ನೋಡುತ್ತ ಹೋಗುತ್ತಿದ್ದೆ. ಗಾಡಿಯಲ್ಲಿ ಎಷ್ಟು ನಿಶ್ಶಬ್ದವೆಂದರೆ ನನ್ನ ಉಸಿರು ನನಗೆ ಕೇಳಿಸುತ್ತಿತ್ತು. ಅಷ್ಟೆಲ್ಲ ಕಷ್ಟಪಟ್ಟು ಮಾಡಿಸಿದ ಮೌನದಲ್ಲಿ ಕೂತು, ಬೈಲಹೊಂಗಲಕ್ಕೆ ಹೋಗಿ ಬಾಗಿಲು ತೆರೆದರೆ ಅಲ್ಲಿಯೂ ಅದೇ.

ಮೂರು ವಾರ ತಡೆದೆ. ನಾಲ್ಕನೆಯ ವಾರ, ಒಂದು ಗುರುವಾರ, ಊಟದ ಬಿಡುವಿನಲ್ಲಿ ಡಬ್ಬಿಯನ್ನು ತೆರೆಯದೆ ಎದ್ದು ಆ ಖಾನಾವಳಿಗೆ ಹೋದೆ. ಗಲ್ಲಾಪೆಟ್ಟಿಗೆಯ ಮುಂದೆ ಕೂತವರಿಗೆ ಏನು ಹೇಳಬೇಕೆಂದು ತಿಳಿಯದೆ ಕೈ ತೊಳೆಯುವವನ ಹಾಗೆ ಒಳಗೆ ನಡೆದೆ. ಅಡುಗೆಮನೆಯಿಂದ ರೊಟ್ಟಿ ಬಡಿಯುವ ಸಪ್ಪಳ ಬರುತ್ತಿತ್ತು. ಬಾಗಿಲಲ್ಲಿ ನಿಂತು ಕೆಮ್ಮಿದೆ. ಸಪ್ಪಳ ನಿಂತಿತು.

"ಮಾಸ್ತರ ಏನ್ರಿ?"

ಹೌದೆಂದೆ. ಆಕೆ ಹಿಟ್ಟಿನ ಕೈಯನ್ನು ಮಡಿಲಲ್ಲಿಟ್ಟುಕೊಂಡು, ನಾನು ಯಾವ ಊರಿಗೆ ವರ್ಗವಾಗಿ ಹೋದೆನೆಂದು ಕೇಳಿದಳು. ಎಲ್ಲಿಗೂ ಇಲ್ಲವೆಂದಾಗ ನಂಬಲಿಲ್ಲ. ರಜೆ ಮುಗಿದ ಮೇಲೆ ಮೂರು ದಿನ ಕಟ್ಟೆಯ ಮೇಲೆ ಕೂತು ಸೇತುವೆಯ ಕಡೆಗೆ ಕಿವಿಗೊಟ್ಟಿದ್ದಳಂತೆ. ಗಾಡಿ ಬರಲೇ ಇಲ್ಲವಂತೆ. ಕಾಯುತ್ತ ಕೂತು ತಡವಾಗಿ ಖಾನಾವಳಿಯಲ್ಲಿ ಬೈಸಿಕೊಂಡಳಂತೆ. ಒಂದು ದಿನ ಯಾವುದೋ ಸಾಹುಕಾರರ ಗಾಡಿಯ ಹಾರ್ನ್ ಕೇಳಿತಂತೆ. ನಾಲ್ಕನೆಯ ದಿನದಿಂದ ಮುಂಚಿನ ಬಸ್ಸು ಹಿಡಿದಳಂತೆ.

ಆ ಸಾಹುಕಾರ ನಾನೇ ಎಂದು ಹೇಳಬೇಕಾಯಿತು. ಸೈಲೆನ್ಸರ್, ಟ್ಯೂಬು, ಕೌದಿ, ಎಲ್ಲ ಹೇಳಿದೆ. ಯಾಕೆ ಮಾಡಿಸಿದೆ ಎಂಬುದನ್ನೂ ಹೇಳಿದೆ. ಆಕೆ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು.

"ನನ್ನ ಮಾತು ಕೇಳಾಕ ಗಾಡಿ ಬಾಯಿ ಮುಚ್ಚಿಸೀರಿ. ಹುಚ್ಚ ಮಾಸ್ತರ."

ನನಗೂ ನಗು ಬಂತು. ಎದೆಯ ಮೇಲಿನ ಕಲ್ಲು ಇಳಿದಂತಾಗಿ, ನನ್ನ ಹಳೆಯ ದೊಡ್ಡಸ್ತಿಕೆಯೂ ಎದ್ದು ಕೂತಿತು. ನಾಳೆಯಿಂದ ಮತ್ತೆ ನನ್ನ ಗಾಡಿಗೇ ಬನ್ನಿ, ಬಸ್ಸಿನಲ್ಲಿ ಯಾಕೆ ತ್ರಾಸು ಪಡುತ್ತೀರಿ ಎಂದೆ.

"ಬಸ್ಸಿನ್ಯಾಗ ಏನ ತ್ರಾಸಿಲ್ಲರಿ" ಎಂದಳು. "ಪುಕ್ಕಟಿ ಐತಿ. ಕಂಡಕ್ಟರ ಕೈ ಹಿಡದ ಹತ್ತಸ್ತಾನ, ಇಳಸ್ತಾನ."

"ಮತ್ತ ಎರಡು ವರ್ಷ ನನ್ನ ಗಾಡಿಗೆ ಯಾಕ ಬಂದ್ರಿ?"

ಆಕೆ ಹಿಟ್ಟು ನಾದುವ ಕೊಣಮಿಗೆಯಿಂದ ಒಂದು ಮುದ್ದೆ ತೆಗೆದುಕೊಂಡು ದುಂಡಗೆ ಮಾಡತೊಡಗಿದಳು.

"ಅವತ್ತ ನೀರ ತರೂಕಿಂತ ಮೊದಲ ಬಣವಿ ಹಿಂದ ನಿಂತಿದ್ನಿರಿ. ನೀವು ಗಾಡಿ ಜೋಡಿ ಮಾತಾಡಾಕ ಹತ್ತಿದ್ರಿ. ಬೈದ್ರಿ. ಆಮ್ಯಾಲ, ನಿನ್ನ ಬಿಟ್ರ ನನಗ ಯಾರ ಅದಾರ ಅಂತ ಅದರ ಮುಂದ ಹೇಳಿದ್ರಿ. ಪಾಪ, ಯಾರೂ ಇಲ್ಲದ ಮನಶ್ಯಾ, ಸವದತ್ತಿ ತನಕರ ಜೋಡಿ ಆಗೋಣು ಅಂತ ಬಂದ್ನಿ. ನನಗೇನ, ಬಸ್ಸ ಆದ್ರ ಏನ, ನಿಮ್ಮ ಗಾಡಿ ಆದ್ರ ಏನ."

ಮೊದಲು ನಾಚಿಕೆಯಾಯಿತು. ಆಮೇಲೆ ಅಳು ಬಂತು. ಒಲೆಯ ಹೊಗೆಯಿತ್ತು, ಆಕೆಗೂ ಕಾಣುತ್ತಿರಲಿಲ್ಲ, ಅನುಕೂಲವಾಯಿತು. ಎರಡು ವರ್ಷ ಉಪಕಾರ ಮಾಡಿದವನು ನಾನಲ್ಲ. ರೊಟ್ಟಿ ಬಡಿದು ಬದುಕುವ ಮುದುಕಿ ದಿನಾ ಅರ್ಧ ತಾಸು ನನಗೆ ಕೊಟ್ಟಿದ್ದಳು, ನಾನು ಹೂಂ ಎಂದು ತೆಗೆದುಕೊಂಡಿದ್ದೆ. ಮೂರು ವಾರ ನಾನಿಲ್ಲದ್ದನ್ನು ಗಮನಿಸಿದವಳೂ ಆಕೆಯೊಬ್ಬಳೇ.

ನಾಳೆ ಬರುತ್ತೀರಾ ಎಂದು ಕೇಳಿದೆ. ಈ ಸಲ ಕೇಳಿದ್ದು ನನಗಾಗಿ, ಅದು ದನಿಯಲ್ಲಿ ಗೊತ್ತಾಗಿರಬೇಕು.

"ಗಾಡಿಗಂತೂ ಬಾಯಿಲ್ಲ" ಎಂದಳು. "ನೀವು ಕರೀರಿ. ಕರದ್ರ ಬರತೇನಿ."

ಹಳೆಯ ಸೈಲೆನ್ಸರ್ ಆಗಲೇ ಗುಜರಿಗೆ ಹೋಗಿತ್ತು. ಶುಕ್ರವಾರ ಬೆಳಗ್ಗೆ ಬೇವಿನ ಕೆಳಗೆ ಗಾಡಿ ನಿಲ್ಲಿಸಿ ಇಳಿದೆ. ಬಣವೆಯವರೆಗೆ ಹೋಗಿ ನಿಂತೆ, ತಿರುಗಿ ಗಾಡಿಯನ್ನು ನೋಡಿದೆ, ಮತ್ತೆ ಮುಂದೆ ಹೋದೆ. ಕಟ್ಟೆಯ ಮುಂದೆ ಸೊಸೆ ಕಸ ಹೊಡೆಯುತ್ತಿದ್ದಳು. ನಲವತ್ತಾರು ವರ್ಷದ ಗಂಡಸು, ಯಾರದೋ ಬಾಗಿಲಲ್ಲಿ ನಿಂತು ಗಂಟಲು ಸರಿಮಾಡಿಕೊಂಡು ಕರೆದೆ.

"ಅವ್ವಾ, ನಾ ಬಂದೀನ್ರಿ. ಬರ್ತೀರೇನು?"

ಒಳಗಿನಿಂದ ಕೋಲಿನ ಸಪ್ಪಳ ಬಂತು. ಕೈ ಹಿಡಿದು ಕರೆತಂದು ಕೂಡಿಸಿದೆ. ಗಾಡಿ ಹೊರಟಿತು. ಆಕೆ ಹಿಡಿಕೆ ಹಿಡಿದು, ತಲೆ ಒಂದು ಕಡೆ ವಾಲಿಸಿ ಕಿವಿಗೊಟ್ಟಳು.

"ಹೊಂಟೀವೇನ್ರಿ?"

"ಹೊಂಟೀವಿ."

"ಏನೂ ಕೇಳಸವಲ್ದಲ್ಲ" ಎಂದಳು. "ಹಂಗಾರ ಇನ್ನ ನೀವ ಮಾತಾಡ್ರಿ."

ಏನು ಮಾತಾಡಬೇಕೆಂದು ತಿಳಿಯಲಿಲ್ಲ. ಮುಂದಿನ ಊರು ದಾಟುವವರೆಗೂ ತಿಳಿಯಲಿಲ್ಲ. ಆಕೆ ಕಾದಳು. ಆಮೇಲೆ ನಾನು, ಈ ಕಾರು ಕೊಂಡದ್ದು ಯಾಕೆ ಎಂಬಲ್ಲಿಂದ ಶುರುಮಾಡಿದೆ.