‘ನೂ’ ಯಾರಿಗೆ ಸೇರಿದ್ದು

ಯಲಬುರ್ಗಾ ಕಡೆಯ ಮಂಗಳೂರಿನ ಮಲ್ಲೇಶ್ವರಿ ಧಾರವಾಡದಲ್ಲಿ ಜರ್ಮನ್ ಕಲಿತಳು, ಕಿವಿಗಿಂತ ಹೆಚ್ಚು ಕಣ್ಣಿನಿಂದ. ಪುಸ್ತಕದ ಪದಗಳಿಗೆ ದನಿ ಇರುವುದಿಲ್ಲ. ಗಿಣಿಗೇರಾ ಹತ್ತಿರದ ಒಂದು ಕಾರ್ಖಾನೆಗೆ ಯಂತ್ರ ಜೋಡಿಸಲು ಬಂದಿದ್ದ ಜರ್ಮನ್ ಇಂಜಿನಿಯರನ ಮಾತನ್ನು ಕನ್ನಡದಲ್ಲಿ ಹೇಳುವುದು ಅವಳ ಕೆಲಸ. ಅವಳು ಬಾಯಿ ತೆರೆದರೆ ಶೆಡ್ಡು ಸುಮ್ಮನಾಗುತ್ತಿತ್ತು. ಸಾಹೇಬ ಹೇಳಿದ್ದೆಷ್ಟು, ಈಕೆ ಸೇರಿಸಿದ್ದೆಷ್ಟು ಎಂಬ ಅನುಮಾನ ಎಲ್ಲರಿಗೂ.

ಒಂದು ಬೆಳಿಗ್ಗೆ ಪಂಪು ಸುಟ್ಟಿತು. ಅದನ್ನು ಚಾಲೂ ಮಾಡುವ ಮುಂಚೆ ಎಣ್ಣೆಯ ವಾಲ್ವು, ನೀರಿನ ವಾಲ್ವು ಎರಡನ್ನೂ ತೆರೆಯಬೇಕಾದವನು ಟಿಪ್ಪುಸಾಬ. ಎರಡೂ ತಿರುವಿದ್ದೇನೆ ಅಂದ. ಸೂಪರ್‌ವೈಸರ್ ಕೊಟ್ರಬಸಪ್ಪ ನಂಬಲಿಲ್ಲ. ವಾಲ್ವು ತಿರುವುವಾಗ ಅಲ್ಲೇ ನಿಂತಿದ್ದ ಇಂಜಿನಿಯರನನ್ನು ಮಲ್ಲೇಶ್ವರಿಯಿಂದ ಕೇಳಿಸಿದ. ಬಂದದ್ದು ಒಂದೇ ವಾಕ್ಯ. ನಡುವೆ ‘ಔಖ್’ ಎಂಬ ಪದ.

ಔಖ್ ಅಂದರೆ ನಮ್ಮ ‘ನೂ’. ನಮ್ಮ ‘ನೂ’ ಯಾವುದಾದರೂ ಪದದ ಬಾಲ ಹಿಡಿದೇ ಬರುತ್ತದೆ. ಅವರ ಔಖ್ ಒಂಟಿಯಾಗಿ ನಿಲ್ಲುತ್ತದೆ. ಯಾರಿಗೆ ಸೇರಿದ್ದೆಂದು ದನಿಯ ಒತ್ತೇ ಹೇಳಬೇಕು. ಮಲ್ಲೇಶ್ವರಿ ಅದನ್ನು ಹೆಸರಿಗೆ ಅಂಟಿಸಿದಳು.

“ಟಿಪ್ಪುಸಾಬನೂ ನೀರಿನ ವಾಲ್ವು ತಿರುವ್ಯಾನಂತ್ರಿ.”

“ಅವನೂ ಅಂದ್ರ, ಮೊದಲ ಇನ್ನೊಬ್ಬಾವ ತಿರುವಿದ್ದ. ಅವ ತೆಗದಾನ, ಇವ ಮತ್ತ ತಿರುವಿ ಬಂದ್ ಮಾಡ್ಯಾನ,” ಅಂದ ಕೊಟ್ರಬಸಪ್ಪ.

ತೀರ್ಮಾನವಾಗುವ ತನಕ ಟಿಪ್ಪುಸಾಬ ಕೆಲಸಕ್ಕೆ ಬರಕೂಡದು ಎಂದಾಯಿತು. ಆ ಇನ್ನೊಬ್ಬ ಯಾರು? ಬುತ್ತಿ ಬಿಚ್ಚಿ ಕೂತವರು ಒಬ್ಬರ ಕೈ ಒಬ್ಬರು ನೋಡಿದರು.

ಗೇಟಿನ ಬಳಿ ಟಿಪ್ಪುಸಾಬ ಅವಳನ್ನು ತಡೆದ. “ವಾಲ್ವಿಗೆ ಕೈ ಹಚ್ಚಿದಾವ ನಾ ಒಬ್ಬನ ತಂಗಿ. ಆ ‘ನೂ’ ಎಲ್ಲಿಂದ ತಂದಿ?”

ಸುಳ್ಳು ಹೇಳುತ್ತಿದ್ದಾನೆ ಅನಿಸಿತು ಮಲ್ಲೇಶ್ವರಿಗೆ. ಬಸ್ಸಿನಲ್ಲಿ ಕೂತ ಮೇಲೆ ಇಂಜಿನಿಯರನ ಮೇಲೂ ಅನುಮಾನ ಬಂತು. ಊರು ಮುಟ್ಟುವಾಗ ಉಳಿದದ್ದು ತನ್ನ ಕಿವಿಯೊಂದೇ. ಆ ವಾಕ್ಯದಲ್ಲಿ ದನಿ ಎಲ್ಲಿ ಏರಿತ್ತು? ಔಖ್ ಮೇಲೆಯೇ ಒತ್ತು ಬಿದ್ದಿದ್ದರೆ ‘ಟಿಪ್ಪುಸಾಬನೂ’ ಸರಿ. ಆದರೆ ಅದು ಮೆತ್ತಗೆ ಜಾರಿ, ಮುಂದಿನ ‘ವಾಸರ್’, ಅಂದರೆ ನೀರು, ಗಟ್ಟಿಯಾಗಿ ಬಿದ್ದಂತಿತ್ತು.

ಮರುದಿನ ಕಾರಣ ಹೇಳದೆ ಇಂಜಿನಿಯರನಿಂದ ಅದೇ ಮಾತು ಮತ್ತೆ ಆಡಿಸಿದಳು. ಒತ್ತು ನೀರಿನ ಮೇಲೇ ಇತ್ತು. ಅಂದರೆ ಎಣ್ಣೆಯದರ ಜೊತೆಗೆ ಟಿಪ್ಪುಸಾಬ ನೀರಿನ ವಾಲ್ವನ್ನೂ ತಿರುವಿದ್ದ; ಇನ್ನೊಬ್ಬ ಇರಲೇ ಇಲ್ಲ.

ಅವಳು ಅದನ್ನು ಹೇಳಿದಾಗ ಕೊಟ್ರಬಸಪ್ಪ ನಕ್ಕ. “ನಿನ್ನೆ ಒಂದು, ಇವತ್ತೊಂದು. ಟಿಪ್ಪುಸಾಬನ ಮನ್ಯಾಗ ಚಾ ಭಾಳ ಛಲೋ ಇತ್ತೇನು?”

ಅವಳು ಇಂಜಿನಿಯರನಿಗೆ ಆ ವಾಕ್ಯವನ್ನು ಒಮ್ಮೆ ಔಖ್ ಮೇಲೆ, ಒಮ್ಮೆ ವಾಸರ್ ಮೇಲೆ ಒತ್ತಿ ಹೇಳಲು ಕೇಳಿಕೊಂಡಳು. ಕೊಟ್ರಬಸಪ್ಪ ಕಣ್ಣು ಮುಚ್ಚಿ ಕೇಳಿದ.

“ಎರಡೂ ಬ್ಯಾರೆ ಅದಾವ,” ಅಂದ. “ನಿನ್ನೆ ಅಂದದ್ದು ಯಾವುದಂತ ಕೇಳು.”

“ವಾಸರ್,” ಅಂದ ಇಂಜಿನಿಯರ್, ಮೇಜು ಕುಟ್ಟಿ.

ನೀರಿನ ಪೈಪು ಬಿಚ್ಚಿಸಿದರು. ಒಳಗೆ ಕೆಸರು, ಯಾರೋ ಮರೆತ ಚಿಂದಿ ಬಟ್ಟೆ. ವಾಲ್ವು ತೆರೆದಿದ್ದರೂ ನೀರು ಬಂದಿರಲಿಲ್ಲ.

ಟಿಪ್ಪುಸಾಬ ಮರಳಿ ಬಂದ. ಆದರೆ ಈಗಲೂ ಅವಳು ಕನ್ನಡದಲ್ಲಿ ಏನಾದರೂ ಹೇಳಿದರೆ ಅವನು ತಕ್ಷಣ ಕೈ ಹಚ್ಚುವುದಿಲ್ಲ. ನಟ್ಟು ತಿರುವುವ ಪಾನಾ ಹಿಡಿದು ನಿಂತೇ ಕೇಳುತ್ತಾನೆ: “ಇವತ್ತು ‘ನೂ’ ಯಾರ ಮ್ಯಾಲ, ತಂಗಿ?”