ಸಿಲೋನಿನ ಚಹಾ ತೋಟದ ಸ್ಟಾಂಪು

1939ರ ಬೇಸಿಗೆಯಲ್ಲಿ ನಾನು ಮಡಕಶಿರದ ಅಂಚೆ ಕಚೇರಿಯಲ್ಲಿ ಗುಮಾಸ್ತನಾಗಿದ್ದೆ. ಹುಟ್ಟೂರು ರಾಯದುರ್ಗ, ಓದಿದ್ದು ಹೈಸ್ಕೂಲು. ಹೂವು, ತೋಟಗಳ ಚಿತ್ರವಿರುವ ಸ್ಟಾಂಪು ಕೂಡಿಸುವ ಹುಚ್ಚು ನನಗಿತ್ತು. ನಮ್ಮ ಸ್ಟಾಂಪುಗಳಲ್ಲಿ ಆಗ ದೊರೆಯ ಮುಖವೇ ಹೆಚ್ಚು. ಹತ್ತಿರದ ಹಳ್ಳಿ ರೊಳ್ಳದ ಕಡೆಯ ಕೆಲವರು ಸಿಲೋನಿನ ಚಹಾ ತೋಟಗಳಿಗೆ ಕೂಲಿಗೆ ಹೋಗಿದ್ದರು. ಅವರ ಕಾಗದಗಳ ಮೇಲೆ ನನ್ನ ಕಣ್ಣು.

ಓದು ಬಾರದವರ ಮನೆಯಲ್ಲಿ ಪೋಸ್ಟ್‌ಮನ್ನೇ ಕಾಗದ ಓದಿ ಹೇಳುತ್ತಿದ್ದ. ಓದಿದ್ದಕ್ಕೆ ಸ್ಟಾಂಪು ಕೇಳಿ ಪಡೆದು ತನ್ನ ಮಗನಿಗೆ ಕೊಡುತ್ತಿದ್ದ. ನನಗೆ ಒಂದೂ ದಕ್ಕುತ್ತಿರಲಿಲ್ಲ.

ಒಂದು ಶನಿವಾರ ರೊಳ್ಳದ ಹನುಮಕ್ಕ ಎಂಬವಳ ಹೆಸರಿಗೆ ಸಿಲೋನಿನಿಂದ ಗಂಡನ ಲಕೋಟೆ ಬಂತು. ಸ್ಟಾಂಪಿನಲ್ಲಿ ಹೆಂಗಸರು ಚಹಾ ಎಲೆ ಬಿಡಿಸುತ್ತಿದ್ದರು. ಬಟವಾಡೆಯಾಗದ ಟಪಾಲಿಗೆ ಕೈ ಹಾಕುವುದು ಅಪರಾಧವೆಂದು ಗೊತ್ತಿದ್ದೂ, ಸ್ಟಾಂಪಿನ ಮೇಲೆ ಒದ್ದೆ ಬಟ್ಟೆ ಇಟ್ಟೆ. ಮನಿಯಾರ್ಡರ್ ಬರೆಯುತ್ತ ಕೂತು ಮರೆತೆ. ಸ್ಟಾಂಪು ಬಿಟ್ಟುಬಂತು, ಆದರೆ ನೀರು ಒಳಗಿನ ಕಾಗದಕ್ಕೂ ಇಳಿದಿತ್ತು. ಪೋಸ್ಟ್‌ಮನ್ ನೋಡಿದರೆ ನೌಕರಿ ಹೋಗುತ್ತದೆಂದು ಹೆದರಿ, ಭಾನುವಾರ ಬಾಡಿಗೆ ಸೈಕಲ್ ಹತ್ತಿ ನಾನೇ ರೊಳ್ಳಕ್ಕೆ ಹೋದೆ.

ಹನುಮಕ್ಕನ ಮಾವ ಲಕೋಟೆಯನ್ನು ಹಿಂದುಮುಂದು ತಿರುಗಿಸಿದ. "ಇದೇನ್ ಸ್ವಾಮಿ, ನೆಂದೈತೆ?"

"ಮಳೇರಿ," ಎಂದೆ.

"ಮಡಕಶಿರದಾಗೆ ಮಳೆಯಾ? ನಮ್ ಪಾಲಿಂದೂ ನೀವೇ ಹುಯ್ಯಿಸ್ಕಂಡ್ರಾ?" ಎಂದು ನಕ್ಕ.

ಹನುಮಕ್ಕ ನಗಲಿಲ್ಲ. "ಮೇಸ್ತ್ರಿ ಮಂಗಳವಾರ ಆಳುಗಳ್ನ ಕರ್ಕಂಡು ಸಿಲೋನಿಗೆ ಹೊಲ್ಡ್ತಾನೆ. ನಾನೂ ಹೋಗ್ಬೇಕೋ, ಅವ್ರೇ ಬತ್ತಾರೋ, ಬರೀತೀನಿ ಅಂದಿದ್ರು. ಓದಿ ಸ್ವಾಮಿ."

ಕಾಗದ ಬಿಡಿಸಿದೆ. ಮೇಲೆ ಕ್ಷೇಮ ಸಮಾಚಾರ, ಕೊನೆಯಲ್ಲಿ ಹಿರಿಯರಿಗೆ ನಮಸ್ಕಾರ. ನಡುವೆ ಬರೀ ನೀಲಿ ಮಸಿ. ಮತ್ತೆ ಬರೆದು ಕೇಳಲು ದಿನಗಳಿರಲಿಲ್ಲ. ಅಕ್ಷರ ಅಳಿಸಿಹೋಗಿದೆ ಎಂದರೆ ಹೇಗೆ ಅಳಿಸಿತು ಎಂದು ಕೇಳುತ್ತಾರೆ. ಅವಳು ನನ್ನ ಬಾಯನ್ನೇ ನೋಡುತ್ತಿದ್ದಳು.

"ಅವರೇ ಬರ್ತಾರಂತ್ರಿ. ನೀವು ಹೋಗೋದು ಬ್ಯಾಡಂತ," ಎಂದುಬಿಟ್ಟೆ.

ಮಾವನಿಗೆ ಸಂತೋಷವಾಯಿತು, ಮಜ್ಜಿಗೆ ಕೊಡಿಸಿದ. ಕುಡಿದು ಬಂದೆ. ಮಂಗಳವಾರ ಮೇಸ್ತ್ರಿ ಹೊರಟುಹೋದ. ಆಮೇಲೆ ಸಿಲೋನಿನ ಟಪಾಲು ಕಟ್ಟು ಬಿಚ್ಚುವಾಗಲೆಲ್ಲ ಮೊದಲು ಹನುಮಕ್ಕನ ಹೆಸರು ಹುಡುಕುತ್ತಿದ್ದೆ.

ಹನುಮಕ್ಕನ ಗಂಡನ ಮುಂದಿನ ಕಾಗದವನ್ನು ಪೋಸ್ಟ್‌ಮನ್ ಓದಿ ಬಂದ. "ಮೇಸ್ತ್ರಿ ಜೊತೆ ಬಾ ಅಂತ ಬರೆಸಿದ್ನಲ್ಲ, ಯಾಕೆ ಬರ್ಲಿಲ್ಲ ಅಂತ ಆವಮ್ಮನ್ನ ಕೇಳವ್ನೆ ಸ್ವಾಮಿ. ಯಾವ ಪುಣ್ಯಾತ್ಮ ಓದಿದ್ನೋ!"

ಅಷ್ಟರಲ್ಲಿ ಸಿಲೋನಿಗೆ ಕೂಲಿಗಳು ಹೋಗುವುದನ್ನು ಸರ್ಕಾರ ನಿಲ್ಲಿಸಿತ್ತು. ಹಿಂದೆಯೇ ಯುದ್ಧವೂ ಬಂತು. ಆಲ್ಬಮ್ ಮುಚ್ಚಿಟ್ಟು ರೊಳ್ಳಕ್ಕೆ ಹೋಗಿ ಎಲ್ಲವನ್ನೂ ಒಪ್ಪಿಕೊಂಡೆ. ಮಾವ ಎದ್ದು ಒಳಗೆ ಹೋದ.

"ಕಾಣ್ತಿಲ್ಲ ಅಂದಿದ್ರೆ ಸಾಕಾಗಿತ್ತಲ್ಲ ಸ್ವಾಮಿ," ಎಂದಳು ಹನುಮಕ್ಕ. "ನಾನು ಹೊಲ್ಟೋಗ್ತಿದ್ದೆ."

ಅವಳ ಗಂಡ ಊರು ಸೇರಿದ್ದು ಯುದ್ಧ ಮುಗಿದ ಮೇಲೆ. ಮುಂದಿನ ನೌಕರಿಯಲ್ಲಿ ನಾನು ಎಷ್ಟೋ ಜನರಿಗೆ ಕಾಗದ ಓದಿದೆ. ತಿಳಿಯದ ಕಡೆ, ತಿಳಿಯುತ್ತಿಲ್ಲ ಎಂದು ನಿಲ್ಲಿಸುವುದನ್ನು ಕಲಿತಿದ್ದೆ. ಕಲಿತವನು ನಾನು, ಅದಕ್ಕೆ ವರ್ಷಗಳನ್ನು ತೆತ್ತವಳು ಅವಳು.